ಗುಡ್ಡ ಆಗಸ್ಟ್‌ನಲ್ಲೇ ಯಾಕೆ ಜಾರುತ್ತದೆ?

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಕುಸಿದವು. ಮನೆ, ತೋಟ, ರಸ್ತೆ ಮಣ್ಣುಪಾಲಾದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲೂ ಕುಸಿತವಾಗಿ ಜೀವಗಳು ಹೋದವು. ಆ ಮಣ್ಣನ್ನು ಕೆಳಗೆ ಎಳೆದದ್ದು ಗುರುತ್ವಾಕರ್ಷಣೆ. ಆದರೆ ಆ ಎಳೆತ ಫೆಬ್ರವರಿಯಲ್ಲೂ ಇತ್ತಲ್ವಾ?

ಇತ್ತು, ಅಷ್ಟೇ ಇತ್ತು. ಯಾವ ಎರಡು ವಸ್ತುಗಳೇ ಆಗಲಿ ಒಂದನ್ನೊಂದು ಎಳೆಯುತ್ತವೆ ಎಂದು ನ್ಯೂಟನ್ 1687ರಲ್ಲಿ ತೋರಿಸಿಕೊಟ್ಟ. ದ್ರವ್ಯರಾಶಿ ಹೆಚ್ಚಿದಷ್ಟೂ ಎಳೆತ ಜಾಸ್ತಿ. ದೂರ ಎರಡು ಪಟ್ಟಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಈ ದೂರವನ್ನು ಅಳೆಯುವುದು ಭೂಮಿಯ ಕೇಂದ್ರದಿಂದ. ಅದು ಸುಮಾರು 6,370 ಕಿ.ಮೀ. ಅದರ ಮುಂದೆ ತಲಕಾವೇರಿಯ 1,276 ಮೀಟರ್ ಎತ್ತರ ಏನೇನೂ ಅಲ್ಲ. ಅಷ್ಟು ಎತ್ತರ ಹತ್ತಿದರೂ ಎಳೆತ ಸಾವಿರದಲ್ಲಿ ಒಂದು ಪಾಲಿನಷ್ಟೂ ಕಡಿಮೆಯಾಗುವುದಿಲ್ಲ.

ಮಳೆಗಾಲದಲ್ಲಿ ಬದಲಾಗುವುದು ಮಣ್ಣಿನ ಹಿಡಿತ. ಇಳಿಜಾರಿನಲ್ಲಿ ಮಣ್ಣಿನ ತೂಕ ಎರಡು ಕಡೆ ಹಂಚಿಹೋಗುತ್ತದೆ. ಒಂದು ಪಾಲು ಮಣ್ಣನ್ನು ಗುಡ್ಡಕ್ಕೆ ಒತ್ತುತ್ತದೆ, ಇನ್ನೊಂದು ಕೆಳಕ್ಕೆ ಜಗ್ಗುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ಜಗ್ಗುವ ಬಲ ತೂಕದ ಸರಿಯಾಗಿ ಅರ್ಧ. ಅಂದರೆ 100 ಕಿಲೋ ಮಣ್ಣನ್ನು 50 ಕಿಲೋ ತೂಕದಷ್ಟು ಬಲ ವರ್ಷವಿಡೀ ಜಗ್ಗುತ್ತಲೇ ಇರುತ್ತದೆ! ತಡೆದು ನಿಲ್ಲಿಸುವುದು ಕಣಗಳ ನಡುವಿನ ಘರ್ಷಣೆ, ಮಣ್ಣಿನ ಅಂಟು, ಮರದ ಬೇರು.

ಸ್ವಲ್ಪ ನೀರು ಒಳ್ಳೆಯದೇ. ಒದ್ದೆ ಮರಳಿನಲ್ಲಿ ಮಕ್ಕಳು ಕಟ್ಟಿದ ಗುಬ್ಬಿಗೂಡು ನಿಲ್ಲುತ್ತದೆ, ಒಣ ಮರಳಿನಲ್ಲಿ ನಿಲ್ಲುವುದಿಲ್ಲ. ಮೇಲಿಂದ ನೀರು ಸುರಿದರೆ ಗೂಡು ಕರಗಿ ಹರಿದೇ ಹೋಗುತ್ತದೆ. ಗುಡ್ಡದಲ್ಲೂ ಹೀಗೆಯೇ. ನೆನೆದ ಮಣ್ಣು ಭಾರವಾಗಿ ಕುಸಿಯಿತು ಎನ್ನುತ್ತೇವೆ. ಅದು ಸುಳ್ಳಲ್ಲ, ಆದರೆ ದೊಡ್ಡ ಕಾರಣ ಬೇರೆ. ದಿನಗಟ್ಟಲೆ ಮಳೆ ಹೊಡೆದಾಗ ಸಂದುಗಳಲ್ಲಿ ನೀರು ತುಂಬುತ್ತದೆ. ಹೊರಹೋಗಲು ದಾರಿ ಸಿಗದ ಆ ನೀರು ಕಣಗಳನ್ನು ದೂರ ತಳ್ಳುತ್ತದೆ. ಕಣಗಳು ಒಂದಕ್ಕೊಂದು ಗಟ್ಟಿಯಾಗಿ ಒತ್ತದಿದ್ದರೆ ಘರ್ಷಣೆಯೂ ಕುಗ್ಗುತ್ತದೆ. ಬೇಸಿಗೆಯಲ್ಲಿ ಸೋತಿದ್ದ ಎಳೆತ ಈಗ ಗೆಲ್ಲುತ್ತದೆ.

ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಮನೆ, ರಸ್ತೆ ಮಾಡುವಾಗ ಇದನ್ನು ಮರೆಯುವಂತಿಲ್ಲ. ಬುಡದ ಮಣ್ಣೇ ಮೇಲಿನ ಮಣ್ಣಿಗೆ ಆಸರೆ. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬರಲು ಕೊಳವೆ ಇಡಲೇಬೇಕು, ಇಲ್ಲದಿದ್ದರೆ ಗೋಡೆಯ ಹಿಂದೆಯೇ ನೀರಿನ ಒತ್ತಡ ಏರುತ್ತದೆ. ಜೋರು ಮಳೆಯಲ್ಲಿ ನೆಲ ಹೊಸದಾಗಿ ಬಿರುಕು ಬಿಟ್ಟರೆ, ಮರಗಳು ವಾಲಿದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಸುಮ್ನೆ ನೋಡುತ್ತಾ ಕೂರಬೇಡಿ. ಕತ್ತಲಾಗುವ ಮೊದಲೇ ಮನೆಯವರನ್ನೆಲ್ಲ ಕರೆದುಕೊಂಡು ಬೇರೆ ಕಡೆ ಹೋಗಿ.