ಎದೆ ಬಡಿಯುವ ಮುಂಚೆ ಬರುವ ಕೊಬ್ಬಿನ ಕರೆ

ಪ್ರಯೋಗಾಲಯದ ಪುಟ್ಟ ತಟ್ಟೆಯೊಂದರ ತಳದಲ್ಲಿ ಜೀವಕೋಶಗಳು ತೆಳುವಾಗಿ ಹರಡಿಕೊಂಡಿರುತ್ತವೆ. ಸುಮಾರು ಹತ್ತು ದಿನದ ಹಿಂದೆ ಅವು ನರವೂ ಅಲ್ಲ, ಚರ್ಮವೂ ಅಲ್ಲ, ಸ್ನಾಯುವೂ ಅಲ್ಲ. ಏನು ಬೇಕಾದರೂ ಆಗಬಲ್ಲ ಕಾಂಡಕೋಶಗಳು. ಈಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲೊಂದು ಕಡೆ ಏನೋ ಮಿಡಿಯುತ್ತಿದೆ. ಯಾರೂ ತಿವಿಯುತ್ತಿಲ್ಲ, ವಿದ್ಯುತ್ ಹರಿಸುತ್ತಿಲ್ಲ. ತಾನಾಗಿಯೇ ಬಡಿಯುತ್ತಿದೆ. ಇದಕ್ಕಿಂತ ದೊಡ್ಡ ಅಚ್ಚರಿ ನನಗಂತೂ ಗೊತ್ತಿಲ್ಲ.

ಈ ಬದಲಾವಣೆಗೆ ಕಾರಣ ಯಾರು ಎಂದು ಕೇಳಿದರೆ ಸಾಮಾನ್ಯವಾಗಿ ವಂಶವಾಹಿ, ಪ್ರೋಟೀನು ಎಂಬ ಉತ್ತರ ಬರುತ್ತದೆ. ತಪ್ಪಲ್ಲ. ಆದರೆ ಇದರಲ್ಲಿ ಕೊಬ್ಬಿನ ಪಾಲೂ ಇದೆ. ಕೊಬ್ಬು ಅಂದರೆ ಮೈಯಲ್ಲಿ ಸುಮ್ನೆ ಕೂಡಿಟ್ಟ ಇಂಧನ ಎಂದುಕೊಂಡಿದ್ದೇವೆ, ಅಲ್ವಾ? ಪ್ರತಿ ಜೀವಕೋಶದ ಹೊರಪೊರೆಯೂ ಮುಖ್ಯವಾಗಿ ಲಿಪಿಡ್ ಎಂಬ ಕೊಬ್ಬಿನ ಅಣುಗಳಿಂದಲೇ ಆಗಿದೆ. ಆ ಪೊರೆಯ ಲಿಪಿಡ್‌ಗಳನ್ನು ಕಿಣ್ವಗಳು ಕತ್ತರಿಸಿ, ಸ್ವಲ್ಪ ತಿದ್ದಿದರೆ ಸಿಗುವ ಚೂರುಗಳು ಬೇರೆ ಜೀವಕೋಶಗಳಿಗೆ ಸಂದೇಶ ಒಯ್ಯುತ್ತವೆ. ಅವುಗಳಲ್ಲಿ ಇಲ್ಲಿ ನಮಗೆ ಬೇಕಾದವು ಎರಡು. ಒಂದು ಸ್ಫಿಂಗೋಸಿನ್-1-ಫಾಸ್ಫೇಟ್, ಚಿಕ್ಕದಾಗಿ ಎಸ್1ಪಿ. ಇನ್ನೊಂದು ಲೈಸೋಫಾಸ್ಫಟಿಡಿಕ್ ಆಮ್ಲ, ಅಂದರೆ ಎಲ್‌ಪಿಎ. ಸ್ಫಿಂಗೋಸಿನ್ ಎಂಬ ಹೆಸರನ್ನು 1884ರಲ್ಲಿ ಇಟ್ಟವರು ಮೆದುಳಿನ ರಸಾಯನವನ್ನು ಅಧ್ಯಯನ ಮಾಡುತ್ತಿದ್ದ ವೈದ್ಯ ಥುಡಿಕಮ್. ಆ ವಸ್ತು ಅವರಿಗೆ ಬಿಡಿಸಲಾಗದ ಒಗಟಾಗಿತ್ತು. ಹಾಗಾಗಿ ಗ್ರೀಕ್ ಪುರಾಣದಲ್ಲಿ ಒಗಟು ಕೇಳುವ ಸ್ಫಿಂಕ್ಸ್‌ನ ಹೆಸರನ್ನೇ ಕೊಟ್ಟರು.

ಈ ಒಗಟಿನ ಒಂದು ತುಂಡು ಬಿಡಿಸಿಕೊಂಡದ್ದು ಬೆರಳುದ್ದದ ಜೀಬ್ರಾಮೀನಿನಲ್ಲಿ. ಮೀನಿನ ಭ್ರೂಣದಲ್ಲಿ ಹೃದಯವಾಗಬೇಕಾದ ಕೋಶಗಳು ಮೊದಲು ಎಡಕ್ಕೊಂದು, ಬಲಕ್ಕೊಂದು ಗುಂಪಾಗಿ ಇರುತ್ತವೆ. ಆಮೇಲೆ ನಡುವಿಗೆ ಸರಿದು ಒಂದಾಗುತ್ತವೆ. ವಂಶವಾಹಿಯೊಂದು ಕೆಟ್ಟಿದ್ದ ಒಂದು ಬಗೆಯ ಜೀಬ್ರಾಮೀನಿನಲ್ಲಿ ಹೀಗಾಗುತ್ತಿರಲಿಲ್ಲ. ಎರಡು ಗುಂಪೂ ಇದ್ದಲ್ಲೇ ಉಳಿದು, ಎರಡು ಪುಟ್ಟ ಹೃದಯಗಳಾಗಿ ಬೇರೆ ಬೇರೆ ಬಡಿಯುತ್ತಿದ್ದವು. ಕೆಟ್ಟಿದ್ದು ಎಸ್1ಪಿಯನ್ನು ಹಿಡಿಯುವ ಗ್ರಾಹಕ ಪ್ರೋಟೀನಿನ ವಂಶವಾಹಿ ಎಂದು 2000ದಲ್ಲಿ ಗೊತ್ತಾಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಇದರ ಮುಂದಿನ ಮಾತು. ಈ ಮೀನಿನ ಹೃದಯಕೋಶಗಳನ್ನು ತೆಗೆದು ಆರೋಗ್ಯವಂತ ಭ್ರೂಣದಲ್ಲಿಟ್ಟರೆ ಅವು ಸರಿಯಾಗಿಯೇ ನಡುವಿಗೆ ಬಂದವು. ಆರೋಗ್ಯವಂತ ಕೋಶಗಳನ್ನು ಕೆಟ್ಟ ಭ್ರೂಣದಲ್ಲಿಟ್ಟರೆ ದಾರಿ ತಪ್ಪಿದವು. ಅಂದರೆ ಆ ಕರೆಯನ್ನು ಕೇಳಿಸಿಕೊಳ್ಳಬೇಕಾದ್ದು ಹೃದಯಕೋಶವಲ್ಲ, ಅದರ ಸುತ್ತಲಿನ ಅಂಗಾಂಶ. ದಾರಿ ಹದಗೊಳಿಸುವುದು ನೆರೆಹೊರೆಯ ಕೆಲಸ.

ಇನ್ನು ಮನುಷ್ಯನ ಕೋಶಗಳ ಮಾತು. ಜಪಾನಿನ ವಿಜ್ಞಾನಿ ಶಿನ್ಯಾ ಯಮನಕ ಅವರ ತಂಡ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಮತ್ತೆ ಕಾಂಡಕೋಶದ ಸ್ಥಿತಿಗೆ ತಂದಿತು. ಅವನ್ನು ಹೃದಯದ ಕಡೆ ತಿರುಗಿಸಲು ಈಗ ಹೆಚ್ಚಾಗಿ ಬಳಸುವ ದಾರಿಯಲ್ಲಿ ವಿಂಟ್ ಎಂಬ ಸಂದೇಶಜಾಲವನ್ನು ಮೊದಲು ಜೋರಾಗಿ ಎಬ್ಬಿಸುತ್ತಾರೆ. ಎರಡು ಮೂರು ದಿನ ಕಳೆದ ಮೇಲೆ ಅದನ್ನೇ ಅದುಮುತ್ತಾರೆ. ಮೊದಲ ಹೆಜ್ಜೆಯಲ್ಲಿ ಬೀಟಾ ಕ್ಯಾಟೆನಿನ್ ಎಂಬ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ ಸೇರಬೇಕು. ಆಗ ಕಾಂಡಕೋಶ ಭ್ರೂಣದ ನಡುಪದರದ ಕೋಶವಾಗುತ್ತದೆ. ಹೃದಯ ಹುಟ್ಟುವುದು ಈ ಪದರದಿಂದ. ಇದೇ ಹೊತ್ತಿಗೆ ಎಸ್1ಪಿ ಮತ್ತು ಎಲ್‌ಪಿಎಗಳನ್ನೂ ಕೊಟ್ಟರೆ ಬೀಟಾ ಕ್ಯಾಟೆನಿನ್ ಇನ್ನೂ ಜಾಸ್ತಿ ಒಳಗೆ ಸೇರುತ್ತದೆ, ಕೋಶಗಳು ಹೃದಯದ ದಾರಿಗೆ ಚೆನ್ನಾಗಿ ಹೊರಳುತ್ತವೆ.

ಅದೇ ಲಿಪಿಡ್‌ಗಳನ್ನು ಕೋಶಗಳು ಬಡಿಯಲು ಕಲಿತ ಮೇಲೆ ಕೊಟ್ಟರೆ? ಆಗ ಕೆಲಸವೇ ಬೇರೆ. ಎಳೆಯ ಹೃದಯ ಸ್ನಾಯುಕೋಶಗಳಲ್ಲಿ ಕೆಲವು ಮತ್ತೆ ವಿಭಜನೆಯ ಚಕ್ರಕ್ಕೆ ಇಳಿಯುತ್ತವೆ. ಅಣು ಅದೇ, ಅರ್ಥ ಬೇರೆ. ಅರ್ಥವನ್ನು ತೀರ್ಮಾನಿಸುವುದು ಕೋಶ ಆಗ ಯಾವ ಹಂತದಲ್ಲಿದೆ ಎಂಬುದು.

ಇದು ಸಣ್ಣ ವಿಷಯವಲ್ಲ. ದೊಡ್ಡ ಹೃದಯಾಘಾತವೊಂದರಲ್ಲಿ ನೂರು ಕೋಟಿಯಷ್ಟು ಸ್ನಾಯುಕೋಶಗಳು ಸಾಯಬಹುದು. ನಮ್ಮ ಹೃದಯ ಅವನ್ನು ತುಂಬಿಕೊಳ್ಳಲಾರದು. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ಕೋಶಗಳು ಹೊಸದಾಗುತ್ತವೆ, 75ಕ್ಕೆ ಅದು ಅರ್ಧಕ್ಕಿಂತಲೂ ಕೆಳಗೆ ಇಳಿದಿರುತ್ತದೆ. ಹೊರಗೆ ಬೆಳೆಸಿ ಕೊಡುವುದಾದರೆ ಅಷ್ಟೊಂದು ಕೋಶಗಳನ್ನು, ಪ್ರತಿ ಸಲವೂ ಒಂದೇ ಗುಣಮಟ್ಟದಲ್ಲಿ ತಯಾರಿಸಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಜೀವಕೋಶಗಳನ್ನು ಬೆಳೆಸಲು ಬಹಳ ಕಾಲ ಬಳಸಿದ್ದು ಪ್ರಾಣಿಗಳ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ. ರಕ್ತ ಹೆಪ್ಪುಗಟ್ಟುವಾಗ ಎಸ್1ಪಿಯೂ ಎಲ್‌ಪಿಎಯೂ ಸೀರಮ್ಮಿಗೆ ಬಂದು ಸೇರುತ್ತವೆ. ಸೀರಮ್ ಹಾಕಿದವರೆಲ್ಲ ತಿಳಿಯದೆಯೇ ಈ ಸಂದೇಶವನ್ನೂ ಹಾಕುತ್ತಿದ್ದರು, ಅದೂ ಬಾಟಲಿಯಿಂದ ಬಾಟಲಿಗೆ ಬೇರೆ ಬೇರೆ ಪ್ರಮಾಣದಲ್ಲಿ. ಅದಕ್ಕೇ ಒಳಗೆ ಏನೇನಿದೆ ಎಂದು ಪೂರ್ತಿ ಗೊತ್ತಿರುವ ದ್ರವವನ್ನೇ ಬಳಸಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಹಾಗಂತ ಈ ಅಣುಗಳನ್ನು ನೇರ ರೋಗಿಗೆ ಚುಚ್ಚುವಂತಿಲ್ಲ. ಇವು ಕ್ಯಾನ್ಸರ್ ಕೋಶಗಳ ಬೆಳವಣಿಗೆಗೂ ನೆರವಾಗಬಲ್ಲವು. ಎಸ್1ಪಿಗೆ ಐದು ಬಗೆಯ ಗ್ರಾಹಕಗಳಿವೆ, ಎಲ್‌ಪಿಎಗೆ ಆರು, ಅವು ಮೈಯ ತುಂಬ ಹರಡಿವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಕೊಡುವ ಫಿಂಗೋಲಿಮಾಡ್ ಎಂಬ ಮಾತ್ರೆ ಕೆಲಸ ಮಾಡುವುದು ಎಸ್1ಪಿಯ ಗ್ರಾಹಕಗಳ ಮೇಲೆ. ಅದರ ಗುರಿ ರೋಗನಿರೋಧಕ ಕೋಶಗಳು. ಆದರೂ ಮೊದಲ ಮಾತ್ರೆ ನುಂಗಿದಾಗ ಎದೆಬಡಿತ ನಿಧಾನವಾಗುತ್ತದೆ. ಅದಕ್ಕಾಗಿ ರೋಗಿಯನ್ನು ಆರು ಗಂಟೆ ಕೂರಿಸಿಕೊಂಡು ನಾಡಿ ನೋಡುತ್ತಿರುತ್ತಾರೆ.