ಬೈಪಾಸ್: ಮೂರು ಬ್ಲಾಕ್‌ಗೂ ಎದೆಯ ರಕ್ತನಾಳವನ್ನೇ ಏಕೆ ಹಾಕುವುದಿಲ್ಲ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಊರು. ತಂದೆಯವರಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಹೃದಯದ ರಕ್ತನಾಳಗಳಲ್ಲಿ ಮೂರು ಬ್ಲಾಕ್ ಇರುವುದರಿಂದ ಬೈಪಾಸ್ ಆಗಬೇಕೆಂದಿದ್ದಾರೆ. ಒಂದಕ್ಕೆ ಎದೆಯ ರಕ್ತನಾಳ, ಉಳಿದೆರಡಕ್ಕೆ ಕಾಲಿನ ನರ ಹಾಕುತ್ತಾರಂತೆ. ಎದೆಯದ್ದೇ ಹೆಚ್ಚು ಬಾಳುವುದಾದರೆ ಮೂರಕ್ಕೂ ಅದನ್ನೇ ಏಕೆ ಹಾಕಬಾರದು? ನರ ತೆಗೆದರೆ ಕಾಲು ಏನಾಗುತ್ತದೆ?

ಉತ್ತರ: ಕಾಲಿನ ಭಯ ಬೇಡ. ನರ ಎಂದು ಕರೆದರೂ ತೆಗೆಯುವುದು ಚರ್ಮದ ಕೆಳಗೇ ಇರುವ, ಪಾದದ ಗಂಟಿನಿಂದ ತೊಡೆಸಂದಿಯವರೆಗೆ ಹೋಗುವ ರಕ್ತನಾಳವನ್ನು. ಕಾಲಿನ ರಕ್ತದ ಬಹುಪಾಲು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲಿ ಮೇಲೇರುತ್ತದೆ. ಕೆಲವು ವಾರ ಪಾದ ಊದಬಹುದು, ಮೀನಖಂಡದ ಒಳಬದಿ ಮರಗಟ್ಟಿದಂತೆ ಇರಬಹುದು; ನಡಿಗೆಗೆ ಕುಂದಿಲ್ಲ. ಆದರೆ ಸಕ್ಕರೆ ಇರುವವರ ಗಾಯ ನಿಧಾನವಾಗಿ ಮಾಯುತ್ತದೆ. ಅದು ಪೂರ್ತಿ ಒಣಗುವವರೆಗೆ ಗಂಬೂಟು ತೊಟ್ಟು ಜಿಗಣೆಯ ತೋಟಕ್ಕೆ ಇಳಿಯುವುದು ಬೇಡವೇ ಬೇಡ. ಕಾಲಿನ ನರಗಳು ಉಬ್ಬಿ ಗಂಟುಗಟ್ಟಿದ್ದರೆ ಸರ್ಜನ್‌ಗೆ ಮೊದಲೇ ತಿಳಿಸಿ.

ಈಗ ಮುಖ್ಯ ಪ್ರಶ್ನೆ. ಎದೆಮೂಳೆಯ ಎಡಕ್ಕೆ, ಎದೆಗೂಡಿನ ಒಳಗೋಡೆಗುಂಟ ಸುಮಾರು 2 ಮಿಲಿಮೀಟರ್ ಅಗಲದ ಧಮನಿಯೊಂದು ಇಳಿಯುತ್ತದೆ. ಸಾಮಾನ್ಯವಾಗಿ ಅದರ ಮೇಲ್ತುದಿಯನ್ನು ಕತ್ತರಿಸದೆ, ಕೆಳತುದಿಯನ್ನಷ್ಟೇ ಬಿಡಿಸಿ ಹೃದಯದ ಮುಂಭಾಗದ ಧಮನಿಗೆ ಹೊಲಿಯುತ್ತಾರೆ. ದಾರ ತಲೆಗೂದಲಿಗಿಂತ ಸಪೂರ. ಸರ್ಜನ್ ಭೂತಗನ್ನಡಿ ಧರಿಸಿಯೇ ಹೊಲಿಯಬೇಕು. ಹತ್ತು ವರ್ಷದ ನಂತರವೂ 100ರಲ್ಲಿ 90ಕ್ಕೂ ಹೆಚ್ಚು ಜನರಲ್ಲಿ ಈ ಜೋಡಣೆ ತೆರೆದಿರುತ್ತದೆ. ಇದರಿಂದ ಆಯಸ್ಸೇ ಹೆಚ್ಚುತ್ತದೆ ಎಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 1986ರಲ್ಲಿ ತೋರಿಸಿಕೊಟ್ಟರು. ಕಾಲಿನ ನರದ ಬೈಪಾಸನ್ನು ಸರ್ಜನ್ ರೆನೆ ಫವಲೋರೊ 1967ರಲ್ಲಿ ಆರಂಭಿಸಿದ್ದೂ ಅಲ್ಲಿಯೇ.

ಕಾಲಿನ ನರದೊಳಗೆ ರಕ್ತವನ್ನು ಹಿಂದಕ್ಕೆ ಬಿಡದ ಕವಾಟಗಳಿವೆ. ಹಾಗಾಗಿ ಅದನ್ನು ತಲೆಕೆಳಗು ಮಾಡಿ ಜೋಡಿಸುತ್ತಾರೆ. ಕಡಿಮೆ ಒತ್ತಡಕ್ಕೆ ಹೊಂದಿಕೊಂಡಿದ್ದ ತೆಳುಗೋಡೆ ಧಮನಿಯ ಒತ್ತಡಕ್ಕೆ ಸಿಕ್ಕಿ ಕ್ರಮೇಣ ದಪ್ಪಗಾಗುತ್ತದೆ, ಕೊಬ್ಬು ಕಟ್ಟಿಕೊಳ್ಳುತ್ತದೆ. ಹತ್ತು ವರ್ಷಕ್ಕೆ ಇಂಥ 100 ಜೋಡಣೆಗಳಲ್ಲಿ 50ರಿಂದ 60 ತೆರೆದಿದ್ದರೆ ಹೆಚ್ಚು.

ಹಾಗಾದರೆ ಎದೆಯ ಬಲಗಡೆಯ ಧಮನಿಯನ್ನೂ ಬಳಸಬಹುದಲ್ಲ? ಬಳಸುತ್ತಾರೆ. ಆದರೆ ಕತ್ತರಿಸಿ ಮತ್ತೆ ತಂತಿ ಕಟ್ಟುವ ಎದೆಮೂಳೆಗೆ ರಕ್ತ ಬರುವುದು ಮುಖ್ಯವಾಗಿ ಈ ಎರಡರಿಂದ. ಎರಡನ್ನೂ ತೆಗೆದರೆ, ಅದರಲ್ಲೂ ಸಕ್ಕರೆ ಇರುವವರಲ್ಲಿ, ಮೂಳೆ ಕೂಡದೆ ಕೀವಾಗುವ ಅಪಾಯ ಹೆಚ್ಚು. ಭಾರತವೂ ಸೇರಿ ಏಳು ದೇಶಗಳ 3,102 ರೋಗಿಗಳ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ 2019ರಲ್ಲಿ ಬಂತು. ಒಂದನ್ನು ಬಳಸಲು ನಿಗದಿಯಾದವರಿಗೂ ಎರಡನ್ನು ಬಳಸಲು ನಿಗದಿಯಾದವರಿಗೂ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ತಂದೆಯವರ ವಿಷಯದಲ್ಲಿ ವೈದ್ಯರ ಯೋಜನೆ ನನಗೆ ಸರಿಯಾಗಿಯೇ ಕಾಣುತ್ತದೆ.

ಆದರೂ ಒಂದು ಮಾತು ಕೇಳಿ ನೋಡಿ: ಮುಂಗೈ ಧಮನಿಯನ್ನು ಬಳಸಬಹುದೇ? ಅದು ನರಕ್ಕಿಂತ ಚೆನ್ನಾಗಿ ಬಾಳುತ್ತದೆ, ಎದೆಮೂಳೆಗೆ ತೊಂದರೆಯಿಲ್ಲ. ಷರತ್ತುಗಳಿವೆ. ಹೃದಯದ ಆ ಧಮನಿಯ ಬ್ಲಾಕ್ ತೀವ್ರವಾಗಿರಬೇಕು, ಇಲ್ಲದಿದ್ದರೆ ಹೊಸ ನಾಳ ಸಂಕುಚಿಸಿ ಮುಚ್ಚಿಕೊಳ್ಳಬಹುದು. ಆಂಜಿಯೋಗ್ರಾಂ ಮಾಡಿದ ಕೈಯ ಧಮನಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮುಂದೆ ಡಯಾಲಿಸಿಸ್ ಬೇಕಾಗಬಹುದಾದ ರೋಗಿಯಲ್ಲಿ ಅದನ್ನು ಉಳಿಸಿಕೊಳ್ಳುವುದೇ ಜಾಣತನ.

ಹೃದಯವನ್ನು ನಿಲ್ಲಿಸಿ ಯಂತ್ರಕ್ಕೆ ಜೋಡಿಸಬೇಕೋ, ಬಡಿಯುತ್ತಿರುವಾಗಲೇ ಹೊಲಿಯಬೇಕೋ ಎಂಬುದನ್ನು ಸರ್ಜನ್‌ಗೆ ಬಿಡಿ. ಅವರ ಕೈ ಯಾವುದರಲ್ಲಿ ಪಳಗಿದೆಯೋ ಅದೇ ಒಳ್ಳೆಯದು. ಆದರೆ ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಬೀಡಿ, ಸಿಗರೇಟು ಇದ್ದರೆ ಇಂದೇ ಬಿಡಿಸಿ.