ಹಾಳೆಯ ಗಾಡಿ, ಮರದ ರಥ

ಶಿರಸಿ ಸೀಮೆಯ ಅಡಿಕೆ ತೋಟದಲ್ಲಿ ಸೋಗೆ, ಅಂದರೆ ಒಣಗಿದ ಗರಿ, ಬಿದ್ದ ಸದ್ದಾದರೆ ಮಕ್ಕಳು ಅದರ ಬುಡದ ಅಗಲವಾದ ಹಾಳೆಗಾಗಿ ಓಡುತ್ತಾರೆ. ಒಬ್ಬ ಹಾಳೆಯ ಮೇಲೆ ಕುಳಿತು ಗಟ್ಟಿಯಾಗಿ ಹಿಡಿದುಕೊಂಡರೆ ಮತ್ತೊಬ್ಬ ಸೋಗೆಯ ತುದಿ ಹಿಡಿದು ಎಳೆಯುತ್ತಾನೆ; ಅಂಗಳ ದಾಟುವಷ್ಟರಲ್ಲಿ ಅದು ಬಸ್ಸೂ ಆಗಿರುತ್ತದೆ, ದೋಣಿಯೂ ಆಗಿರುತ್ತದೆ. ಅದೇ ಹಾಳೆ ತೋಟದ ಯಜಮಾನನ ಕಣ್ಣಿಗೆ ಬಿದ್ದರೆ, ಊಟದ ತಟ್ಟೆ ಮಾಡುವವರಿಗೆ ಕೊಡಲು ಬಂದೀತೇ ಎಂಬ ಲೆಕ್ಕ ಶುರುವಾಗುತ್ತದೆ.

ವಸ್ತುವೊಂದರ ರೂಢಿಯ ಉಪಯೋಗವೇ ಅದರ ಬೇರೆ ಉಪಯೋಗಗಳನ್ನು ಮರೆಮಾಡುವ ಈ ಸ್ಥಿತಿಯನ್ನು ಕಳೆದ ಶತಮಾನದ ಮೊದಲರ್ಧದಲ್ಲಿ ಜರ್ಮನಿಯ ಮನೋವಿಜ್ಞಾನಿ ಕಾರ್ಲ್ ಡುಂಕರ್ ವಿವರವಾಗಿ ಅಭ್ಯಸಿಸಿದರು. ಮೊಳೆ ತುಂಬಿದ ಪೆಟ್ಟಿಗೆಯನ್ನು ಕೊಟ್ಟಾಗ ಅದನ್ನೇ ಗೋಡೆಗೆ ಬಡಿದು ಮೇಣದಬತ್ತಿಗೆ ಪೀಠ ಮಾಡಬಹುದೆಂಬುದು ದೊಡ್ಡವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಖಾಲಿ ಪೆಟ್ಟಿಗೆ ಕೊಟ್ಟರೆ ಬೇಗ ಹೊಳೆಯುತ್ತದೆ. 2000ರಲ್ಲಿ ಮನೋವಿಜ್ಞಾನಿಗಳಾದ ಟಿಮ್ ಜರ್ಮನ್ ಮತ್ತು ಮಾರ್ಗರೆಟ್ ಡಿಫೈಟರ್ ಇಂಥದೇ ಒಗಟನ್ನು ಮಕ್ಕಳ ಮುಂದಿಟ್ಟರು. ಗೊಂಬೆಯೊಂದು ಎತ್ತರದ ಹಲಗೆಯನ್ನು ಮುಟ್ಟಬೇಕಾದರೆ, ಸಾಮಾನು ತುಂಬಿದ ಪೆಟ್ಟಿಗೆಯನ್ನು ಬರಿದು ಮಾಡಿ ಮೆಟ್ಟಿಲಾಗಿ ಬಳಸಬೇಕಿತ್ತು. ಆರು, ಏಳು ವರ್ಷದವರು ತಡವರಿಸಿದರು. ಐದು ವರ್ಷದವರಿಗೆ ಪೆಟ್ಟಿಗೆ ತುಂಬಿತ್ತೋ ಬರಿದಾಗಿತ್ತೋ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಹಾಗೆಂದು ಮಕ್ಕಳ ಕಲ್ಪನೆಯೇ ಹೆಚ್ಚು ಸಮೃದ್ಧವೆನ್ನುವುದು ನನಗೆ ಅತಿಶಯೋಕ್ತಿಯಾಗಿ ತೋರುತ್ತದೆ. ಕಲ್ಪನೆಯ ಸರಕು ಬರುವುದು ನೆನಪಿನಿಂದ. 2007ರಲ್ಲಿ ಡೆಮಿಸ್ ಹಸ್ಸಾಬಿಸ್ ಮತ್ತು ಸಂಗಡಿಗರು, ಮೆದುಳಿನ ಹಿಪ್ಪೋಕ್ಯಾಂಪಸ್ ಭಾಗ ಹಾನಿಗೊಂಡು ಮರೆವಿಗೆ ಒಳಗಾದ ಐವರನ್ನು ಒಂದು ಕಡಲತೀರವನ್ನೋ ಅಂಥ ಬೇರೆ ನೋಟವನ್ನೋ ಕಲ್ಪಿಸಿಕೊಳ್ಳಲು ಕೇಳಿದಾಗ, ಹೆಚ್ಚಿನವರಿಗೆ ಬಿಡಿ ಚೂರುಗಳು ಸಿಕ್ಕವೇ ಹೊರತು ಕೂಡಿಕೊಂಡ ಚಿತ್ರ ಮೂಡಲಿಲ್ಲ. ಕಾರವಾರದ ಕಡಲನ್ನು ಐವತ್ತು ಮಳೆಗಾಲ ಕಂಡ ಮೀನುಗಾರನ ನೆನಪಿನ ಕಣಜ ಐದು ವರ್ಷದ ಮೊಮ್ಮಗನದಕ್ಕಿಂತ ದೊಡ್ಡದೇ. ಮೊಮ್ಮಗನಲ್ಲಿ ಇರುವುದು ಕಣಜದ ಬಾಗಿಲಿಗೆ ಕಾವಲಿಲ್ಲದ ಸ್ಥಿತಿ. ಆ ಕಾವಲುಗಾರನ ಪಾತ್ರ ಬಹುಮಟ್ಟಿಗೆ ಮೆದುಳಿನ ಮುಂಭಾಗದ್ದು. ಅದು ಪೂರ್ತಿ ಬಲಿಯುವುದು ಇಪ್ಪತ್ತರ ಹರೆಯದ ನಡುವಿನಲ್ಲಿ. ಅದಿಲ್ಲದೆ ಸಂಸಾರ ನಡೆಯದು, ತೋಟವೂ ಉಳಿಯದು. ಆದ್ದರಿಂದ ಕೇಳಬೇಕಾದದ್ದು, ಆ ಕಾವಲುಗಾರನನ್ನು ಬೇಕೆಂದಾಗ ಆಚೆ ಕೂರಿಸಲು ಬರುತ್ತದೆಯೇ ಎಂಬುದು.

ಬರುತ್ತದೆ ಎನ್ನಲು ಒಂದು ಆಧಾರವಿದೆ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಆಲೆನ್ ಬ್ರೌನ್ ಆರು ಮಂದಿ ಜಾಝ್ ಪಿಯಾನೊ ವಾದಕರನ್ನು ಸ್ಕ್ಯಾನರಿನೊಳಗೆ ಮಲಗಿಸಿ ನುಡಿಸಲು ಹೇಳಿದರು. ಬಾಯಿಪಾಠದ ಸಂಗೀತ ಬಿಟ್ಟು ಆಶುವಾಗಿ ನುಡಿಸತೊಡಗಿದಾಗ, ನಮ್ಮನ್ನು ನಾವೇ ತಿದ್ದಿಕೊಳ್ಳುವ ಕೆಲಸಕ್ಕೆ ಸಂಬಂಧಿಸಿದ ಮುಂಮೆದುಳಿನ ಪಕ್ಕದ ಭಾಗಗಳ ಚಟುವಟಿಕೆ ಇಳಿದು, ನಡುಭಾಗದ್ದು ಏರಿತು. ಆರೇ ಜನರ ಪ್ರಯೋಗವಾದ್ದರಿಂದ ಅದರ ಮೇಲೆ ತೀರಾ ಭಾರ ಹೇರಬಾರದು. ಆದರೆ ಅವರೆಲ್ಲ ಪಳಗಿದ ವಾದಕರು. ಕಾವಲು ಸಡಿಲಿಸುವುದಕ್ಕೂ ವರ್ಷಗಳ ಅಭ್ಯಾಸ ಬೇಕು.

ಅಂಥ ಅಭ್ಯಾಸಕ್ಕೆ ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆಯ ವ್ಯವಸ್ಥೆಯೇ ಇದೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಬಯಲಾಟದ ರಂಗಸ್ಥಳದಲ್ಲಿ ಇರುವ ಒಂದು ಮರದ ಪೀಠಕ್ಕೆ ಹೆಸರೇ ‘ರಥ’. ಸಿಂಹಾಸನವೂ ಅದೇ, ಬೇಕಾದಾಗ ಬೆಟ್ಟವೂ ಅದೇ, ಯಾರೂ ಆಕ್ಷೇಪಿಸುವುದಿಲ್ಲ. ಕುಳಿತು ಮಾತಿನಲ್ಲೇ ಆಡುವ ತಾಳಮದ್ದಲೆಯಲ್ಲಂತೂ ಆ ಪೀಠವೂ ಬೇಡ, ವೇಷವೂ ಬೇಡ. ಪಂಚೆ ಉಟ್ಟು ಶಾಲು ಹೊದ್ದ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವ, ಹಾಡುವ ಭಾಗವತರ ಪದ್ಯ ಮುಗಿದೊಡನೆ, ಬರೆದಿಡದ ಮಾತನ್ನು ಅಲ್ಲಿಯೇ ಹುಟ್ಟಿಸಬೇಕು. ಕನ್ನಡಕ ಒರೆಸಿಕೊಳ್ಳುತ್ತಲೇ ಆತ ಕರ್ಣನಾಗಿ, ರಥದ ಗಾಲಿ ಹೂತುಹೋಯಿತೆಂದು ಶಲ್ಯನಿಗೆ ಹೇಳುತ್ತಾನೆ. ಹೊರಗೆ ಆಷಾಢದ ಮಳೆ ಹೊಯ್ಯುತ್ತಿರುತ್ತದೆ. ಮಧ್ಯಾಹ್ನವೆಲ್ಲ ಅಡಿಕೆ ಧಾರಣೆಯ ಲೆಕ್ಕದಲ್ಲಿ ಮುಳುಗಿದ್ದ ಯಜಮಾನ ಹಿಂದಿನ ಸಾಲಿನಿಂದ ಕತ್ತು ಚಾಚಿ, ಜಮಖಾನದ ಮೇಲೆ ಗಾಲಿ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡುತ್ತಾನೆ.